ಬೋರ್ಡಣ್ಣ ಬಿಡಿಸಿದ ಹೊಗೆ

ಹಗ್ಗದ ಕೇರಿಯ ಜನಕ್ಕೆ ಒಂದು ನೆಲ ಬಾಕಿ ಇದೆ. ದುಡ್ಡಲ್ಲ. ದುಡ್ಡು ಕೊಟ್ಟರು, ಅದು ಬಂದ ದಾರಿಯಲ್ಲೇ ವಾಪಸ್ ಹೋಯಿತು. ಬಾಕಿ ಇರುವುದು ಉದ್ದನೆಯ, ನೇರವಾದ, ಅಡ್ಡಕ್ಕೆ ಏನೂ ಇಲ್ಲದ ನೆಲ. ಹಗ್ಗ ಹೊಸೆಯುವವರಿಗೆ ಮನೆ ಎಷ್ಟು ಚಿಕ್ಕದಾದರೂ ನಡೆಯುತ್ತದೆ, ನೆಲ ಮಾತ್ರ ಉದ್ದ ಬೇಕು. ಒಬ್ಬರು ರಾಟೆ ತಿರುಗಿಸುತ್ತಾರೆ, ಇನ್ನೊಬ್ಬರು ಸೊಂಟಕ್ಕೆ ನಾರು ಸುತ್ತಿಕೊಂಡು, ಬೆರಳಿನಿಂದ ಎಳೆ ಬಿಡುತ್ತಾ ಹಿಂದೆ ಹಿಂದೆ ನಡೆಯುತ್ತಾರೆ. ಎಷ್ಟು ದೂರ ಹಿಂದೆ ನಡೆದರೋ ಅಷ್ಟೇ ಉದ್ದ ಹಗ್ಗ. "ಇಂಥದ್ದೇ ನೆಲ ಬೇರೆ ಕಡೆ ಕೊಡ್ತೇವೆ" ಎಂದು ಮೈಕಿನಲ್ಲಿ ಹೇಳಿ, ಕೊನೆಗೆ ಕೊಟ್ಟದ್ದು ಒಂದರ ತಲೆಯ ಮೇಲೊಂದು ಕೂತ ಕೋಣೆಗಳು. ಮೆಟ್ಟಿಲ ಮೇಲೆ ಹಿಂದೆ ನಡೆದು ಹಗ್ಗ ಹೊಸೆಯೋಣವೆಂದರೆ ಮನುಷ್ಯರಿಗೆ ಬೆನ್ನಲ್ಲಿ ಕಣ್ಣಿಲ್ಲ.

ಕೇರಿ ಕಿತ್ತವರನ್ನೆಲ್ಲ ನಾವು ಹೋರಾಟದವರು ಬಾಯ್ತುಂಬ ಬೈದಿದ್ದೇವೆ. ಅಧಿಕಾರಿಗಳನ್ನು ಬೈದೆವು, ಕಂಟ್ರಾಕ್ಟರನ್ನು ಬೈದೆವು, ಲಾರಿ ಓಡಿಸಿದವನ ವಂಶವನ್ನೂ ಬಿಡಲಿಲ್ಲ. ಬೈಯದೆ ಬಿಟ್ಟದ್ದು ಒಬ್ಬನನ್ನು. ಅವನು ಕೇರಿಯಲ್ಲೇ ಬೆಳೆದವನು, ನಮ್ಮವನೇ. ತನ್ನ ಪಾಲಿನ ಬೈಗುಳ ತನಗೆ ಬೀಳಲಿಲ್ಲವಲ್ಲ ಎಂದು ಅವನು ಇಷ್ಟು ವರ್ಷ ಒಳಗೊಳಗೇ ಬೆಂದ. ಊರೆಲ್ಲ ಅವನನ್ನು ಬೋರ್ಡಣ್ಣ ಎನ್ನುತ್ತದೆ.

ಅಪ್ಪ ಅಮ್ಮ ಬೇಗ ಹೋದ ಮನೆ ಅದು. ಅವನನ್ನು ಸಾಕಿದ್ದು ಅಕ್ಕ. ಅವಳಿಗೂ ಆಗ ಆಡುವ ವಯಸ್ಸೇ, ಆದರೆ ಆಡೋಣವೆಂದರೆ ಸೊಂಟದಲ್ಲಿ ನಾರಿನ ಹೊರೆ ಇತ್ತು. ಅಕ್ಕ ಹಿಂದೆ ನಡೆಯುತ್ತಿದ್ದಳು, ತಮ್ಮ ರಾಟೆ ತಿರುಗಿಸುತ್ತಿದ್ದ. ದಿನವಿಡೀ ಅಕ್ಕನ ಮುಖ ಚಿಕ್ಕದಾಗುತ್ತಾ ದೂರ ಹೋಗುವುದನ್ನು ನೋಡಿ ನೋಡಿಯೇ ದೂರದ್ದನ್ನು ಚಿಕ್ಕದಾಗಿ ಬಿಡಿಸುವುದು ಬಂತು ಎಂದು ಅವನು ಹೇಳುತ್ತಿದ್ದ. ನಾರು ತುಂಬುವ ಗುಡಿಸಲಿನ ಗೋಡೆಯ ಮೇಲೆಲ್ಲ ಇದ್ದಿಲಿನಲ್ಲಿ ಅಕ್ಕನೇ. ದೊಡ್ಡ ಅಕ್ಕ, ಸಣ್ಣ ಅಕ್ಕ, ಕಡ್ಡಿಯಷ್ಟಾದ ಅಕ್ಕ. ಗೋಡೆ ಕೊಳೆ ಮಾಡಿದ್ದಕ್ಕೆ ಅವಳು ಬೆನ್ನಿಗೆರಡು ಬಿಗಿದು, ಮಾರನೆಯ ದಿನ ಕೈಹಿಡಿದು ಬೋರ್ಡ್ ಬರೆಯುವ ಮೇಷ್ಟ್ರ ಅಂಗಡಿಗೆ ಎಳೆದುಕೊಂಡು ಹೋದಳು.

"ಇವನು ರಾಟೆಗೆ ಆಗಲ್ಲ ಮೇಷ್ಟ್ರೇ. ತಿರುಗಿಸು ಅಂದ್ರೆ ಗೋಡೆ ನೋಡ್ತಾನೆ. ನೀವೇ ಇಟ್ಕೊಳ್ಳಿ."

"ಊಟ ಎಷ್ಟು ಮಾಡ್ತಾನಮ್ಮ?"

"ಬಡಿಸೋರ ಕೈ ನೋಯೋವರೆಗೂ."

ಮೇಷ್ಟ್ರು ನಕ್ಕು ಇಟ್ಟುಕೊಂಡರು. ಬ್ರಶ್ ತೊಳೆಯುವುದು, ದಾರ ಹಿಡಿದು ಗೆರೆ ಹೊಡೆಯುವುದು, ಅಕ್ಷರಕ್ಕೆ ನೆರಳು ಹಾಕುವುದು ಎಲ್ಲ ಕಲಿಸಿದರು. ಮುಚ್ಚುವ ವಿದ್ಯೆಯನ್ನೂ ಕಲಿಸಿದರು. ಅಂಗಡಿಯವನ ಹೆಸರು ಗಿಡ್ಡವಾಗಿ ಜಾಗ ಉಳಿದರೆ ಬಳ್ಳಿ ಬಿಡಿಸು. ಗೋಡೆಯಲ್ಲಿ ಬಿರುಕಿದ್ದರೆ ಅಲ್ಲೊಂದು ಮೋಡ ತೇಲಿಸು. ಗಿರಾಕಿ ಬಿರುಕು ನೋಡುವುದಿಲ್ಲ, ಮೋಡ ನೋಡಿ ಖುಷಿಯಾಗುತ್ತಾನೆ.

ಹೀಗಿದ್ದವನಿಗೆ ಊರಾಚೆಯ ಆಕಾಶದ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಅದರ ನಿಜವಾದ ಹೆಸರು ಉದ್ದ, ಹೇಳುವಷ್ಟರಲ್ಲಿ ಬಾಯಿ ಒಣಗುತ್ತದೆ. ರಾಕೆಟ್ಟಿನ ಕೆಲಸ ನಡೆಯುವ ಜಾಗವಾದ್ದರಿಂದ ಜನ ಆಕಾಶದ ಆಫೀಸು ಎಂದರು. ಅಲ್ಲಿ ಇಂಜಿನಿಯರುಗಳು ಬೇಕಾದಷ್ಟಿದ್ದರು. ಅವರು ಮನಸ್ಸಿನಲ್ಲಿ ಕಂಡದ್ದನ್ನು ದೊಡ್ಡವರಿಗೆ ಬಣ್ಣದಲ್ಲಿ ತೋರಿಸುವವನು ಇರಲಿಲ್ಲ. ಬೋರ್ಡಣ್ಣ ಕೇರಿಗೆ ಬಂದಾಗ ಏನಪ್ಪಾ ನಿನ್ನ ಕೆಲಸ ಎಂದು ಕೇಳಿದರೆ, "ಇನ್ನೂ ಹುಟ್ಟದ ಮಗು ಫೋಟೋ ತೆಗೆಯೋದು" ಎನ್ನುತ್ತಿದ್ದ.

ಆ ಕಾಲದ ರಾಕೆಟ್ಟುಗಳೆಲ್ಲ ಒಂದು ಸಲ ಉರಿದು ಮುಗಿಯುವಂಥವು. ಹೋಗಿ ಮತ್ತೆ ಬಂದು, ಮತ್ತೆ ಹೋಗುವ ನೌಕೆ ಎನ್ನುವುದು ಬರೀ ಮಾತಿನಲ್ಲಿತ್ತು. ಮುಖ್ಯ ಇಂಜಿನಿಯರ್ ಕೈಯಾಡಿಸುತ್ತಾ ವಿವರಿಸಿದರು.

"ಬೆಂಕಿಕಡ್ಡಿ ಬೇಡಪ್ಪ, ನಮಗೆ ಬಸ್ ಬೇಕು. ಬೆಳಗ್ಗೆ ಮೇಲಕ್ಕೆ ಹೋಗ್ಬೇಕು, ಕೆಲಸ ಮುಗಿಸಿ ಡಿಪೋಗೆ ವಾಪಸ್ ಬರ್ಬೇಕು, ಸ್ವಲ್ಪ ತೊಳೆದು ಮತ್ತೆ ಕಳಿಸ್ಬೇಕು."

ಬೋರ್ಡಣ್ಣ ಅಕ್ಷರಶಃ ಬಸ್ಸನ್ನೇ ಬಿಡಿಸಿದ. ರೆಕ್ಕೆ ಇದ್ದ ಬಸ್ಸು. ಪಕ್ಕದಲ್ಲಿ ಸಾಲು ಕಿಟಕಿ, ಮುಂದೆ ಎರಡು ದೀಪ. ಇಂಜಿನಿಯರ್ ತುಂಬ ಹೊತ್ತು ನೋಡಿದರು.

"ಕಂಡಕ್ಟರ್ ಎಲ್ಲಿ ನಿಂತ್ಕೋತಾನಪ್ಪ?"

"ಹಿಂದಿನ ಬಾಗಿಲಲ್ಲಿ ಸಾರ್. ಬಿಡಿಸಿಲ್ಲ, ನೀವು ಹೇಳಿದ್ರೆ ಬಿಡಿಸ್ತೀನಿ."

ಆಮೇಲೆ ರೆಕ್ಕೆಯ ಪೀಕಲಾಟ ಶುರುವಾಯಿತು. ಒಂದು ವಾರ ರೆಕ್ಕೆ ನೇರ, ಮುಂದಿನ ವಾರ ಓರೆ, ಮತ್ತೊಂದು ವಾರ ಮೂರು ಮೂಲೆ. ಇಂಜಿನಿಯರುಗಳು ಜಗಳವಾಡಿ ಬಂದಾಗಲೆಲ್ಲ ಬೋರ್ಡಣ್ಣ ಹಳೆಯದರ ಮೇಲೆ ಬಿಳಿ ಬಳಿದು ಹೊಸದು ಬಿಡಿಸುತ್ತಿದ್ದ. ಕೊನೆಗೆ ಒಪ್ಪಿಗೆಯಾದದ್ದು ಜೋಡಿ ನೌಕೆ. ದೊಡ್ಡದೊಂದು ಚಿಕ್ಕದನ್ನು ಬೆನ್ನ ಮೇಲೆ ಹೊತ್ತುಕೊಂಡು ಎದ್ದು, ಅರ್ಧ ದಾರಿಗೆ ಬಿಟ್ಟು ತಾನು ಇಳಿಯುವುದು; ಚಿಕ್ಕದು ಮೇಲೆ ಹೋಗಿ, ತನ್ನ ಕೆಲಸ ಮುಗಿಸಿ, ಆಮೇಲೆ ಇಳಿಯುವುದು. "ಇದು ಅಕ್ಕ, ಇದು ತಮ್ಮ" ಎಂದ ಬೋರ್ಡಣ್ಣ. ಆಫೀಸಿನಲ್ಲಿ ಆ ಹೆಸರೇ ನಿಂತಿತು. ದೊಡ್ಡ ದೊಡ್ಡ ಡಿಗ್ರಿ ಇದ್ದವರೂ ಅಕ್ಕನ ತೂಕ ಎಷ್ಟು, ತಮ್ಮನ ಬಾಲ ಎತ್ತರವಾಯಿತೇ ಎಂದು ಮೀಟಿಂಗಿನಲ್ಲಿ ಮಾತಾಡಿಕೊಳ್ಳುತ್ತಿದ್ದರು.

ಯೋಜನೆಗೆ ಒಪ್ಪಿಗೆ ಕೊಡುವ ದೊಡ್ಡವರು ಬರುವ ಪ್ರದರ್ಶನಕ್ಕೆ ಗೋಡೆಯಗಲದ ಚಿತ್ರ ಬೇಕಾಯಿತು. ಅಕ್ಕ ತಮ್ಮನನ್ನು ಹೊತ್ತು ನೆಲ ಬಿಟ್ಟೇಳುವ ಗಳಿಗೆ. ಹಿನ್ನೆಲೆಯಲ್ಲಿ ನಿಜವಾದ ಜಾಗವೇ ಇರಬೇಕೆಂದು ಅಪ್ಪಣೆ. ಬೋರ್ಡಣ್ಣನಿಗೆ ಅದೇನು ಕಷ್ಟ? ಕಣ್ಣು ಕಟ್ಟಿ ಬಿಟ್ಟರೂ ಬಿಡಿಸುವ ಜಾಗ. ಬಲಕ್ಕೆ ಗುಡ್ಡ, ಹಿಂದೆ ಸಮುದ್ರ, ದೂರದಲ್ಲಿ ಲೈಟ್‌ಹೌಸ್, ಎಡಕ್ಕೆ ಹಗ್ಗದ ಕೇರಿ, ಕೇರಿಯ ಕೊನೆಗೆ ಬಾವಿ. ಕಷ್ಟವಾದದ್ದು ನೌಕೆಯ ಕಾಲು. ಅದು ಏಳುವ ಮೊದಲು ಯಾವುದರ ಮೇಲೆ ನಿಲ್ಲುತ್ತದೆ, ಏನು ಹಿಡಿದುಕೊಂಡಿರುತ್ತದೆ, ಯಾರಿಗೂ ಗೊತ್ತಿಲ್ಲ. ಹೋಗಿ ಕೇಳಿದ.

"ನಮಗೇ ಗೊತ್ತಿಲ್ಲಪ್ಪ. ಕಾಲ ಬುಡಕ್ಕೆ ಸ್ವಲ್ಪ ಹೊಗೆ ಹಾಕಿಬಿಡು" ಎಂದರು ಇಂಜಿನಿಯರ್.

ಬೋರ್ಡಣ್ಣ ಹೊಗೆ ಹಾಕಿದ. ಬಿಳಿ, ಬೂದಿ, ಅಂಚಿಗೆ ಸ್ವಲ್ಪ ಹಳದಿ. ಪ್ರದರ್ಶನದ ದಿನ ನೋಡಿದವರು ನೌಕೆಗಿಂತ ಹೊಗೆಯನ್ನೇ ಹೊಗಳಿದರು. ಕಾಲ ಬುಡದಲ್ಲಿ ಶುರುವಾದ ಹೊಗೆ ಎಡಕ್ಕೆ ಉರುಳಿ ಉರುಳಿ, ಲೈಟ್‌ಹೌಸಿನಿಂದ ಬಾವಿಯವರೆಗೆ ಹರಡಿತ್ತು. ಅಲ್ಲೊಂದು ಕೇರಿ ಇದೆಯೆಂದು ಆ ಚಿತ್ರ ನೋಡಿದ ಯಾರಿಗೂ ಅನ್ನಿಸುವಂತಿರಲಿಲ್ಲ.

ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅದಾದ ಮೇಲೆ ಜಮೀನಿನ ಅಧಿಕಾರಿ ನಕ್ಷೆಯ ಸುರುಳಿ ಕಂಕುಳಲ್ಲಿಟ್ಟುಕೊಂಡು ಬಂದ. ನೌಕೆ ಎದ್ದಾಗ ಸುತ್ತ ಎಷ್ಟು ನೆಲದಲ್ಲಿ ಜನ ಇರಬಾರದು ಎಂದು ಅವನಿಗೆ ಗೆರೆ ಬೇಕಿತ್ತು. ಬೋರ್ಡಣ್ಣ ಆಗ ಪ್ರದರ್ಶನದ ಹಾಲ್‌ನಲ್ಲೇ ಏಣಿ ಹತ್ತಿ ಚಿತ್ರದ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ.

"ಗಾಡಿನೇ ಇನ್ನೂ ಆಗಿಲ್ಲ ಮಾರಾಯ, ಅಪಾಯ ಎಲ್ಲಿವರೆಗೆ ಅಂತ ಈಗ್ಲೇ ಹೆಂಗೆ ಹೇಳ್ಲಿ?" ಎಂದರು ಇಂಜಿನಿಯರ್.

"ನನಗೆ ಈ ವಾರ ಗೆರೆ ಬೇಕು ಸಾರ್. ಮೇಲಿನವರು ಕುತ್ತಿಗೆ ಮೇಲೆ ಕೂತಿದ್ದಾರೆ." ಅಧಿಕಾರಿ ಗೋಡೆಯ ಕಡೆ ತಿರುಗಿದ. "ಚಿತ್ರದಲ್ಲಿ ಹೊಗೆ ಹಾಕಿದ್ದೀರಲ್ಲ. ಲೆಕ್ಕ ಇಲ್ದೆ ಹಾಕ್ತೀರಾ?"

ಇಂಜಿನಿಯರ್ ಏಣಿಯ ಮೇಲಿದ್ದವನನ್ನು ನೋಡಿದರು. ಬೋರ್ಡಣ್ಣ ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ. ಮೊಳೆ ಉಗುಳಿ ಒಂದು ಮಾತು ಹೇಳುವುದಕ್ಕೆ ಸಮಯ ಇತ್ತು. ಅವನು ಸುತ್ತಿಗೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ, ಅಷ್ಟೆ.

"ಸುಮಾರಾಗಿ ಅಷ್ಟೇ ಬರುತ್ತೆ ಅಂತ ಇಟ್ಕೊಳ್ಳಿ" ಎಂದರು ಇಂಜಿನಿಯರ್.

ಅಧಿಕಾರಿ ನಕ್ಷೆ ಹಾಸಿ, ಒಂದು ಕಡೆ ಲೈಟ್‌ಹೌಸು, ಒಂದು ಕಡೆ ಬಾವಿ ಗುರುತು ಮಾಡಿಕೊಂಡು, ಚಿತ್ರದಲ್ಲಿ ಹೊಗೆ ಎಲ್ಲಿ ಸೊಂಟ ಬಾಗಿಸಿತ್ತೋ ಅಲ್ಲಿ ತಾನೂ ಬಾಗಿಸಿ ಗೆರೆ ಎಳೆದ. ಕೇರಿ ಪೂರ್ತಿ ಒಳಗೆ ಬಿತ್ತು. ಇವರು ಆಮೇಲೆ ಟೇಪು ಹಿಡಿದು ಸರಿಯಾಗಿ ಅಳೀತಾರೆ ಎಂದುಕೊಂಡ ಬೋರ್ಡಣ್ಣ. ಯಾರೂ ಅಳೆಯಲಿಲ್ಲ. ಗೆರೆ ಕಚೇರಿಯಿಂದ ಕಚೇರಿಗೆ ಹೋಗುತ್ತಾ, ಮೇಲೆ ಮೇಲೆ ಮೊಹರು ಬೀಳಿಸಿಕೊಂಡು, ಕೊನೆಗೆ ವಿಜ್ಞಾನವಾಗಿ ಕೆಳಗಿಳಿಯಿತು.

ಗಡಿಕಲ್ಲುಗಳಿಗೆ ಕೆಂಪು ಬಳಿಯಲು ಆಫೀಸಿನಿಂದ ಬೋರ್ಡಣ್ಣನನ್ನೇ ಕರೆದರು. ಅವನು ಜ್ವರ ಎಂದು ಹೇಳಿ ಕ್ವಾರ್ಟರ್ಸಿನಲ್ಲಿ ಹೊದ್ದು ಮಲಗಿದ. ಸುದ್ದಿ ಕೇಳಿ ಅಕ್ಕ ಗಂಜಿ ಕಾಯಿಸಿಕೊಂಡು ನಡೆದು ಬಂದಳು. ಹಣೆ ಮುಟ್ಟಿ ನೋಡಿದಳು.

"ತಣ್ಣಗಿದೆಯಲ್ಲೋ."

"ಒಳಜ್ವರ ಅಕ್ಕ."

"ಗಂಜಿ ಕುಡಿ. ಅಲ್ವೋ, ನಮ್ಮ ಕೇರಿ ಅಪಾಯದ ಗೆರೆ ಒಳಗೆ ಬಂದಿದೆಯಂತೆ. ಸಮುದ್ರ ಬಂದ್ರೂ ಬಾವಿ ತನಕ ಬರಲ್ಲ, ಹೊಗೆ ಬರುತ್ತಂತೆ. ನೀನು ಅಲ್ಲೇ ಇದ್ದೀಯಲ್ಲ, ಯಾರು ಅಳೆದದ್ದು ಅಂತ ಕೇಳೋ ಒಂಚೂರು."

ಅವನು ಹೊದಿಕೆಯನ್ನು ಮುಖದವರೆಗೆ ಎಳೆದುಕೊಂಡ. ಅಕ್ಕ ಅದರ ಮೇಲಿನಿಂದಲೇ ತಲೆ ತಟ್ಟಿ, ಖಾಲಿ ಪಾತ್ರೆ ಆಮೇಲೆ ಕೊಡು ಎಂದು ಹೇಳಿ ಎದ್ದುಹೋದಳು.

ನಾವು ಆಫೀಸಿನ ಗೇಟಿನ ಮುಂದೆ ಕೂತೆವು. ಯಾವ ಲೆಕ್ಕದ ಮೇಲೆ ಗೆರೆ ಎಳೆದಿರಿ ಎಂದು ಗಂಟಲು ಹರಿಯುವಂತೆ ಕೇಳಿದೆವು. "ತಜ್ಞರ ಅಂದಾಜು" ಎಂದು ಒಂದೇ ಉತ್ತರ. ತಜ್ಞ ಎಂದರೆ ಬಾಯಲ್ಲಿ ಮೊಳೆ ಕಚ್ಚಿಕೊಂಡು ಏಣಿ ಮೇಲೆ ನಿಂತಿದ್ದ ನಮ್ಮ ಕೇರಿಯ ಹುಡುಗನೇ ಎಂದು ನಮಗೇನು ಗೊತ್ತು? ಕೊನೆಗೆ ಲಾರಿ ಬಂದವು, ಕೇರಿ ಹೋಯಿತು. ಹೊಸ ಕಟ್ಟಡದಲ್ಲಿ ಅಕ್ಕ ಸೋಲಲಿಲ್ಲ ಮೊದಲು. ತಾರಸಿಯ ಮೇಲೆ ರಾಟೆ ಹೂಡಿಸಿ ಹಿಂದೆ ನಡೆದಳು. ಕೆಲವು ಹೆಜ್ಜೆಗೇ ಬೆನ್ನು ನೀರಿನ ಟ್ಯಾಂಕಿಗೆ ತಾಗಿತು. ಹೊಸೆದ ತುಂಡನ್ನು ಎತ್ತಿ ಹಿಡಿದು, "ಇದರಲ್ಲಿ ಆಡು ಕಟ್ಟೋಕೂ ಆಗಲ್ಲ, ಆಡು ನಗುತ್ತೆ" ಎಂದಳು. ರಾಟೆ ಗುಜರಿಗೆ ಹೋಯಿತು. ಅಕ್ಕ ನಾಲ್ಕು ಮನೆಗಳ ಪಾತ್ರೆ ತೊಳೆಯಲು ಹೋದಳು. ಅಷ್ಟರಲ್ಲಿ ಮದುವೆಯಾಗಿದ್ದ ತಮ್ಮ ತನ್ನ ಮನೆಗೆ ಬಾ ಎಂದು ಎಷ್ಟು ಕರೆದರೂ ಬರಲಿಲ್ಲ. ಅವನು ಕರೆಯುವಾಗ ಕಣ್ಣು ತಪ್ಪಿಸುತ್ತಾನೆ, ಹೆಂಡತಿಗೆ ಇಷ್ಟವಿಲ್ಲದೆ ಕರೆಯುತ್ತಿದ್ದಾನೆ ಎಂದುಕೊಂಡಿದ್ದಳು ಅವಳು.

ಅಕ್ಕ-ತಮ್ಮ ನೌಕೆ ನೆಲ ಬಿಡಲೇ ಇಲ್ಲ. ನೆಲ ಬಿಡುವುದಿರಲಿ, ಒಂದು ರೆಕ್ಕೆಯೂ ಆಗಲಿಲ್ಲ. ಮೇಲೆ ಕೂತವರು ಬದಲಾದರು, ಯೋಜನೆ ಮಡಿಚಿಟ್ಟರು. ಬೇಲಿ ಉಳಿಯಿತು, ಒಳಗೆ ಮುಳ್ಳು ಬೆಳೆಯಿತು. ಬೋರ್ಡಣ್ಣ ರಿಟೈರಾದ.

ಈಗ ಆ ನೆಲವನ್ನು ಏನು ಮಾಡುವುದೆಂದು ಸರ್ಕಾರ ವಿಚಾರಣೆ ಇಟ್ಟಿದೆ. ಹೋಟೆಲು ಕಟ್ಟುವವರು ಆಗಲೇ ಬಾಗಿಲಲ್ಲಿ ನಿಂತಿದ್ದಾರೆ. ಗೆರೆಯನ್ನು ಲೆಕ್ಕವಿಲ್ಲದೆ ಎಳೆದದ್ದು ಎಂದು ಸಾಬೀತಾದರೆ ಮಾತ್ರ ನೆಲ ಹಳೆಯ ಕೇರಿಗೆ ವಾಪಸ್, ಇಲ್ಲದಿದ್ದರೆ ಹರಾಜು. ಈ ಸುದ್ದಿ ಪೇಪರಿನಲ್ಲಿ ಬಂದ ದಿನ ಬೆಳಗ್ಗೆ ಬೋರ್ಡಣ್ಣ ನಮ್ಮ ಸಂಘದ ಕೋಣೆಗೆ ಬಂದ. ಬೆಂಚಿನ ತುದಿಯಲ್ಲಿ ಕೂತು, ಇಲ್ಲಿಯವರೆಗೆ ನಾನು ಬರೆದದ್ದನ್ನೆಲ್ಲ ಹೇಳಿದ.

"ತಪ್ಪು ಆ ಇಂಜಿನಿಯರದ್ದಲ್ವೇನಯ್ಯ?" ಎಂದೆ. "ಹೊಗೆ ಹಾಕು ಅಂದವರು ಅವರು."

"ಕಾಲ ಬುಡಕ್ಕೆ ಹಾಕು ಅಂದಿದ್ದು ಅವರು. ಕೇರಿ ಮೇಲೆ ಎಳೆದದ್ದು ನಾನು." ಅವನು ನೆಲ ನೋಡುತ್ತಾ ಹೇಳಿದ. "ಮೊದಲು ಕೇರಿ ಬಿಡಿಸಿದ್ದೆ. ಒಂದೊಂದೇ ಮನೆ, ಒಣಹಾಕಿದ ನಾರು, ಎಲ್ಲ ಬಿಡಿಸಿದ್ದೆ. ಆಫೀಸಿನ ಇನ್ನೊಬ್ಬ ಬಂದು ನೋಡಿ, 'ಇದೇನೋ, ಇಂಥಾ ಗಾಡಿ ಪಕ್ಕದಲ್ಲಿ ಈ ಕೊಂಪೆ' ಅಂದ. ನಮ್ಮದು ಅಂತ ಹೇಳೋಕೆ ನಾಚಿಕೆ ಆಯ್ತು. ನಕ್ಕುಬಿಟ್ಟೆ. ಅವನು ಆಚೆ ಹೋಗ್ತಿದ್ದ ಹಾಗೆ ಬ್ರಶ್ ತಗೊಂಡು ಮುಚ್ಚಿದೆ."

ನನಗೆ ಬಾಯಿಗೆ ಬಂದದ್ದೆಲ್ಲ ಬೈಯಬೇಕೆನಿಸಿತು. ಅವನು ಅದಕ್ಕೇ ಕಾಯುತ್ತಾ ಕೂತ ಹಾಗಿತ್ತು, ಹಾಗಾಗಿ ಬೈಯಲಿಲ್ಲ.

"ವಿಚಾರಣೆಯಲ್ಲಿ ಇದನ್ನೇ ಹೇಳು. ಅದಕ್ಕೂ ಮೊದಲು ಅಕ್ಕನಿಗೆ ಹೇಳು. ಅವಳು ಪೇಪರಿನವರ ಬಾಯಲ್ಲಿ ಕೇಳೋ ಹಾಗಾಗಬಾರದು."

"ನೀವೂ ಬನ್ನಿ."

"ಹೊಗೆ ಹಾಕುವಾಗ ನನ್ನ ಕರೆದಿದ್ಯಾ?" ಎಂದೆ. ಆದರೂ ಹೋದೆ.

ಅಕ್ಕ ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದಳು. ಬೋರ್ಡಣ್ಣ ನಿಂತೇ ಹೇಳಿದ. ಏಣಿ, ಮೊಳೆ, ಜ್ವರ, ನಾಚಿಕೆ, ಒಂದನ್ನೂ ಬಿಡಲಿಲ್ಲ. ಮುಗಿದ ಮೇಲೆ ಅಕ್ಕ ಕಾಲು ಮಡಿಸಿಕೊಂಡಳು.

"ಆವತ್ತು ಗಂಜಿ ಕುಡಿದ್ಯಾ, ಚೆಲ್ಲಿದ್ಯಾ?"

"ಕುಡಿದೆ ಅಕ್ಕ."

"ಅದೂ ಇಳೀತಾ ಗಂಟಲಲ್ಲಿ." ಅವಳು ತನ್ನ ಅಂಗೈ ನೋಡಿಕೊಂಡಳು. "ಅಕ್ಕ ತಮ್ಮ ಅಂತ ಹೆಸರಿಟ್ಟಿದ್ದೀನಿ ಅಂತ ಊರೆಲ್ಲ ಹೇಳ್ಕೊಂಡು ಬಂದೆಯಲ್ಲೋ ಆಗ. ನಾನೂ ಪಾತ್ರೆ ತೊಳೆಯೋ ಮನೆಗಳಲ್ಲಿ ಹೇಳ್ಕೊಂಡಿದ್ದೀನಿ. ಬೆನ್ನ ಮೇಲೆ ಕೂತೋನು ಬೆನ್ನಿಗೇ ಹೊಗೆ ಬಿಟ್ಟ ಅಂತ ಇನ್ಮೇಲೆ ಹೇಳ್ಬೇಕು."

"ಬೈದ್ಬಿಡು ಅಕ್ಕ."

"ಬೈದ್ರೆ ನಿನಗೆ ಹಗುರ ಆಗುತ್ತೆ. ನಾನ್ಯಾಕೆ ಹಗುರ ಮಾಡ್ಲಿ? ಹೋಗಿ ಅಲ್ಲಿ ಹೇಳು, ನೆಲ ಕೊಡಿಸು. ಅಲ್ಲಿವರೆಗೂ ಈ ಮೆಟ್ಟಿಲು ಹತ್ತಬೇಡ."

ಅವನು ಇಳಿದು ಹೋದ. ವಿಚಾರಣೆಯ ದಿನ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದು, ತುಂಬಿದ ಸಭೆಯಲ್ಲಿ ಅಷ್ಟನ್ನೂ ಮತ್ತೆ ಹೇಳಿದ. ಅಕ್ಕ ಹಿಂದಿನ ಸಾಲಿನಲ್ಲಿ ಕೂತು ಕೇಳಿದಳು. ವಿಚಾರಣೆ ನಡೆಸುವ ಅಧಿಕಾರಿ ಒಳ್ಳೆಯ ಹೆಂಗಸು, ತಾಳ್ಮೆಯಿಂದ ಬರೆದುಕೊಂಡರು. ಆಮೇಲೆ ಕೇಳಿದರು.

"ಆ ಚಿತ್ರ ಎಲ್ಲಿದೆ?"

ಆಫೀಸಿನ ವಕೀಲ ಎದ್ದು, ಅಂಥ ಚಿತ್ರ ತಮ್ಮಲ್ಲಿ ಇಲ್ಲ, ಇದ್ದದ್ದಕ್ಕೆ ಆಧಾರವೂ ಇಲ್ಲ ಎಂದ. ಮುದುಕನ ಮಾತು, ಅದೂ ಅಕ್ಕನ ಮನೆ ವಾಪಸ್ ಬರಲೆಂದು ಆಡುವ ಮಾತು, ಎಂದು ಸೇರಿಸಿದ. ಚಿತ್ರ ತನ್ನಿ, ನಕ್ಷೆಯ ಪಕ್ಕ ಇಟ್ಟು ನಾನೇ ನೋಡುತ್ತೇನೆ, ಎರಡು ಅಂಚೂ ಒಂದೇ ಆದರೆ ಬೇರೆ ಮಾತೇ ಬೇಡ ಎಂದು ಅಧಿಕಾರಿ ವಿಚಾರಣೆ ಮುಂದೂಡಿದರು. ಹೊರಗೆ ಮೆಟ್ಟಿಲ ಹತ್ತಿರ ಬೋರ್ಡಣ್ಣ ನಿಂತಿದ್ದ. ಅಕ್ಕ ಅವನನ್ನು ದಾಟಿ ಹೋದಳು, ನಿಲ್ಲಲಿಲ್ಲ.

ಆ ಚಿತ್ರವನ್ನು ಆಫೀಸಿನವರು ಒಂದು ವರ್ಷ ಕ್ಯಾಲೆಂಡರ್ ಮಾಡಿ ಅಚ್ಚು ಹಾಕಿಸಿ, ಶಾಲೆಗಳಿಗೆ, ಅಂಗಡಿಗಳಿಗೆ, ಮನೆಮನೆಗೆ ಪುಕ್ಕಟೆ ಹಂಚಿದ್ದರು. ಕೇರಿಗೂ ಬಂದಿದ್ದವು. ಗೇಟಿನ ಮುಂದೆ ಕೂತ ಕಾಲದಲ್ಲಿ ಅವನ್ನೆಲ್ಲ ಮನೆಮನೆಯಿಂದ ಎತ್ತಿಕೊಂಡು ಬಂದು ರಾಶಿ ಹಾಕಿ ಬೆಂಕಿ ಇಟ್ಟವರು ನಾವೇ. ಫೋಟೋದವರು ಬಂದಿದ್ದರು, ಚೆನ್ನಾಗಿ ಉರಿಯಿತು, ಚಪ್ಪಾಳೆಯೂ ಬಿತ್ತು. ಗೆರೆ ಎಲ್ಲಿಂದ ಬಂತು ಎಂದು ಕೂಗುತ್ತಾ, ಗೆರೆ ಇದ್ದ ಹಾಳೆಯನ್ನೇ ಸುಟ್ಟೆವು. ಸಿಟ್ಟಿಗೆ ಅಷ್ಟು ಬುದ್ಧಿ ಇದ್ದಿದ್ದರೆ ಇನ್ನೇನು ಬೇಕಿತ್ತು? ಬೋರ್ಡಣ್ಣ ತನ್ನ ಹತ್ತಿರ ಇದ್ದದ್ದನ್ನು ಕಣ್ಣಿಗೆ ಬೀಳಬಾರದೆಂದು ಅದಕ್ಕೂ ಮುಂಚೆಯೇ ಹರಿದಿದ್ದ. ಕೇರಿಯವರ ಹತ್ತಿರ ಒಂದೂ ಉಳಿದಿಲ್ಲ.

ನಿಮ್ಮ ಹತ್ತಿರ ಇದೆ. ನಮ್ಮ ಹಾಗೆ ನೀವು ಬೀದಿಗೆ ಬಂದು ಕೂತವರಲ್ಲ, ಸುಟ್ಟವರೂ ಅಲ್ಲ. ಚಿತ್ರ ಚೆನ್ನಾಗಿದೆಯೆಂದು ಗೋಡೆಗೆ ಹಾಕಿದ್ದಿರಿ, ವರ್ಷ ಮುಗಿದ ಮೇಲೆ ಮಕ್ಕಳ ಪುಸ್ತಕಕ್ಕೆ ರಟ್ಟು ಹಾಕಿದ್ದೀರಿ, ಅಲಮಾರಿಯ ಹಲಗೆಗೆ ಹಾಸಿದ್ದೀರಿ, ಪೆಟ್ಟಿಗೆಯ ತಳಕ್ಕೆ ಹಾಕಿ ಅದರ ಮೇಲೆ ಬಟ್ಟೆ ಪೇರಿಸಿದ್ದೀರಿ. ತಿಂಗಳ ಹಾಳೆ ಬೇಡ. ನೌಕೆ ಇರುವ ಭಾಗ ಹರಿದುಹೋಗಿದ್ದರೂ ಬೇಡ. ಎಡಗಡೆಯ ತುಂಡು ಸಾಕು, ಲೈಟ್‌ಹೌಸಿನಿಂದ ಬಾವಿಯವರೆಗಿನದು. ಈ ಪುಸ್ತಕವನ್ನು ಇಲ್ಲೇ ಮಗುಚಿಟ್ಟು ಎದ್ದು ಹೋಗಿ ಪೆಟ್ಟಿಗೆ ತೆಗೆಯಿರಿ, ಬಟ್ಟೆ ಎಲ್ಲ ಈಚೆ ಹಾಕಿ, ತಳದ ಹಾಳೆ ಎತ್ತಿ ನೋಡಿ. ಸಿಕ್ಕಿದರೆ ನಮ್ಮ ಸಂಘದ ಕೋಣೆಗೆ ತಂದುಕೊಡಿ.